ಕೆಟ್ಟ ಗಳಿಗೆಗೊಂದು ಬೇಲಿ

ಮಂಗಳೂರಿನಿಂದ ತೊಕ್ಕೊಟ್ಟಿನ ಕಡೆ ಹೋಗುವ ಬಸ್ಸಿನ ಕಿಟಕಿ ಪಕ್ಕ ಕೂತರೆ ನೇತ್ರಾವತಿ ಈಗ ಕಬ್ಬಿಣದ ಜಾಲರಿಯ ಆಚೆ ತುಂಡುತುಂಡಾಗಿ ಕಾಣುತ್ತದೆ. ಸೇತುವೆಯಿಂದ ಹಾರುವವರನ್ನು ತಡೆಯಲೆಂದು 2020ರಲ್ಲಿ ಹಾಕಿದ ಬೇಲಿ ಅದು. ಇಂಥ ಬೇಲಿ ಕಂಡಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ: 'ಸಾಯಲೇಬೇಕು ಅಂತ ಹೊರಟವರಿಗೆ ಇದೊಂದೇ ಜಾಗವೇ?'

ಸಾಯುವ ನಿರ್ಧಾರ ಒಮ್ಮೆ ಮಾಡಿದರೆ ಕದಲದು ಎಂಬ ನಂಬಿಕೆ ಈ ಮಾತಿನ ಬುಡದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯಲ್ಲಿ 1937ರಿಂದ 1971ರವರೆಗೆ ತಡೆದು ಕರೆತಂದಿದ್ದ 515 ಮಂದಿ ಮುಂದೆ ಏನಾದರೆಂದು ರಿಚರ್ಡ್ ಸೈಡನ್ ಎಂಬ ಸಂಶೋಧಕರು ಹುಡುಕಿ ನೋಡಿದರು. 1978ರಲ್ಲಿ ಅವರು ಕೊಟ್ಟ ಲೆಕ್ಕದ ಪ್ರಕಾರ ಶೇ. 94ರಷ್ಟು ಜನ ಬದುಕಿದ್ದರು, ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು. ಹೀಗೆ ಬಂದು ಹೋಗುವ ಹೊತ್ತನ್ನೇ ನಮ್ಮ ಹಿರಿಯರು 'ಕೆಟ್ಟ ಗಳಿಗೆ' ಅನ್ನುವುದು. ಗಳಿಗೆ ಎಂದ ಮೇಲೆ ಅದು ಕಳೆಯಬೇಕು. ಕಳೆಯುವ ತನಕ ಯಾರೋ, ಏನೋ ಅಡ್ಡ ನಿಲ್ಲಬೇಕು.

ಇನ್ನೊಂದು ಕಡೆ ಹೋಗುವುದಿಲ್ಲವೇ? ವಾಷಿಂಗ್ಟನ್ನಿನ ಎಲಿಂಗ್ಟನ್ ಸೇತುವೆಗೆ 1986ರಲ್ಲಿ ಬೇಲಿ ಬಂತು. ಕೂಗಳತೆಯಲ್ಲೇ ಟಾಫ್ಟ್ ಸೇತುವೆ ಬೇಲಿಯಿಲ್ಲದೆ ನಿಂತಿತ್ತು. ಆದರೂ ಇಲ್ಲಿ ತಪ್ಪಿದ ಸಾವುಗಳು ಅಲ್ಲಿಗೆ ವರ್ಗವಾಗಲಿಲ್ಲ. ಟೊರೊಂಟೊದ ಬ್ಲೂರ್ ಸೇತುವೆಗೆ 2003ರಲ್ಲಿ ತಡೆ ಹಾಕಿದಾಗ ಮಾತ್ರ ಮೊದಲ ಕೆಲವು ವರ್ಷ ಊರಿನ ಬೇರೆ ಸೇತುವೆಗಳಲ್ಲಿ ಸಾವು ಹೆಚ್ಚಿದಂತೆ ಕಂಡಿತು. ಹತ್ತು ವರ್ಷ ದಾಟಿದ ಮೇಲೆ ಲೆಕ್ಕ ಹಾಕಿದರೆ ಆ ಹೆಚ್ಚಳ ಉಳಿದಿರಲಿಲ್ಲ.

ಹಾಗಂತ ಬೇಲಿ ಯಾರ ಸಾಲವನ್ನೂ ತೀರಿಸದು, ಖಿನ್ನತೆಗೆ ಮದ್ದಾಗದು. ಜಾಲರಿ ಹೊಡೆಸಿ ಕೈತೊಳೆದುಕೊಂಡರೆ ಕೆಲಸ ಅರ್ಧವೇ. ಅದು ಉಳಿಸಿಕೊಟ್ಟ ಹೊತ್ತಿನಲ್ಲಿ ಕಿವಿಗೊಡುವವರು ಬೇಕು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು ಎಂಬುದು ಎಷ್ಟು ಜನರಿಗೆ ತಿಳಿದಿದೆ?

ಇನ್ನು ಅಂದ ಮತ್ತು ಖರ್ಚಿನ ಪ್ರಶ್ನೆ. ಇವೆರಡರ ಚರ್ಚೆಯಲ್ಲೇ ದಶಕಗಳು ಉರುಳಿ, ಗೋಲ್ಡನ್ ಗೇಟ್‌ನ ಉಕ್ಕಿನ ಬಲೆ ಪೂರ್ಣಗೊಂಡದ್ದು 2024ರಲ್ಲಿ. ನಮ್ಮಲ್ಲಿ ಬಾವಿಗೆ ಕಟ್ಟೆ ಕಟ್ಟಿಸುವಾಗ 'ಬೀಳುವವರು ಕೆರೆಗಾದರೂ ಬಿದ್ದಾರು' ಎಂದು ಯಾರೂ ತಕರಾರು ತೆಗೆಯುವುದಿಲ್ಲ. ನೇತ್ರಾವತಿ ಜಾಲರಿಯ ಹಿಂದೆ ಕಂಡರೂ ನದಿಯೇ.