ಕಾಲು ಹಿಡಿದ ಹೊತ್ತನ್ನು ಬರೆದಿಡಿ

1894ರಲ್ಲಿ ಡಾ. ವಾನ್ಲೆಸ್ ಮಿರಜಿನಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದಲೂ ಗಡಿಭಾಗದ ರೈತರಿಗೆ ಔಷಧೋಪಚಾರಕ್ಕೆ ಮಿರಜಿನ ದಾರಿ ಗೊತ್ತು. ಆದರೆ ಪಾರ್ಕಿನ್ಸನ್ ರೋಗದ ಹಿರಿಯರನ್ನು ಕರೆದೊಯ್ದಾಗ ನಾವು ಕೈನಡುಕವನ್ನಷ್ಟೇ ಹೇಳಿ ಬರುತ್ತೇವೆ. ನಸುಕಿನಲ್ಲಿ ಪಾದ ತಿರುಚಿ, ಬೆರಳು ಮುದುಡಿ, ಮೀನಖಂಡ ಹಿಡಿಯುವುದನ್ನು ಹೊಲದ ದಣಿವೆಂದು ಬಿಟ್ಟುಬಿಡುತ್ತೇವೆ. ಇದು ಸರಿಯಲ್ಲ. ಹಿಂದಿನ ದಿನದ ಲೆವೊಡೋಪಾ ಗುಳಿಗೆಯ ಬಲ ಇಳಿದಾಗ ಹೀಗಾಗುವುದುಂಟು.

ಗುಳಿಗೆ ನುಂಗಿದ ಹೊತ್ತು, ಕಾಲು ಹಿಡಿದ ಹೊತ್ತು ಎರಡನ್ನೂ ಒಂದು ವಾರ ಬರೆದು ವೈದ್ಯರಿಗೆ ತೋರಿಸಿರಿ. ಗುಳಿಗೆಯ ವೇಳೆ, ಪ್ರಮಾಣ ಬದಲಿಸುವುದು ಅವರ ಕೆಲಸ, ನೀವಾಗಿ ನಿಲ್ಲಿಸಬೇಡಿರಿ. ಹಾಲು, ಬೇಳೆಯ ಊಟದೊಂದಿಗೆ ನುಂಗಿದರೆ ಅದರ ಗುಣ ತಗ್ಗಬಹುದು. ಊಟಕ್ಕೆ ಎಷ್ಟು ಮೊದಲು ಎಂದು ಕೇಳಿಕೊಳ್ಳಿರಿ. ಬೇಲಿಯ ನಸಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ, ನಿಜ. ಆದರೆ ಅಳತೆಯಿಲ್ಲದ ಅದರ ಪುಡಿ ಗುಳಿಗೆಯೊಡನೆ ಸೇರಿದರೆ ಅಪಾಯ.

ಕಾಲು ಹಿಡಿದಾಗ ಮಂಡಿ ನೀಡಿಸಿ, ಪಾದದ ಮುಂಭಾಗವನ್ನು ಮೆಲ್ಲಗೆ ಮೊಣಕಾಲಿನತ್ತ ಎಳೆಯಿರಿ. ಸುಡದಂತೆ ಬೆಚ್ಚನೆಯ ಶಾಖ ಕೊಡಿರಿ.

ಎಮ್ಮೆ ಗಬ್ಬವಾದ ದಿನವನ್ನು ನೆನಪಿಡುವ ನಾವು, ಅಪ್ಪನ ಕಾಲು ಹಿಡಿದ ಹೊತ್ತನ್ನು ನೆನಪಿಡಬಾರದೇ?