ದತ್ತಾಂಶದ ಬೀಗದ ಕೈ ಯಾರ ಬಳಿ?

ರಷ್ಯಾದ ರಾಸ್‌ನೆಫ್ಟ್ ಪಾಲುದಾರಿಕೆಯಿರುವ ಭಾರತದ ತೈಲ ಕಂಪೆನಿ ನಯಾರಾ ಎನರ್ಜಿಯ ಮೇಲೆ ಐರೋಪ್ಯ ಒಕ್ಕೂಟವು 2025ರ ಜುಲೈನಲ್ಲಿ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪೆನಿಗೆ ತನ್ನ ಸೇವೆಯನ್ನು ತಡೆಹಿಡಿಯಿತು. ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಬಳಿಕ ಸೇವೆ ಮರಳಿತು. ದೊಡ್ಡ ಕಂಪೆನಿಗೆ ವಕೀಲರನ್ನು ನೇಮಿಸುವ ಸಾಮರ್ಥ್ಯವಿತ್ತು. ಇದೇ ಸ್ಥಿತಿ ಜಿಲ್ಲಾ ಕೇಂದ್ರದ ಸ್ವಯಂಸೇವಾ ಸಂಸ್ಥೆಯೊಂದಕ್ಕೆ ಒದಗಿದರೆ?

ಇಂತಹ ಸಂಸ್ಥೆಗಳ ಬಳಿ ಇರುವುದು ವ್ಯಾಪಾರದ ಲೆಕ್ಕವಲ್ಲ. ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರು, ಜೀತವಿಮುಕ್ತರು, ಎಚ್‌ಐವಿ ಸೋಂಕಿತರು ನಂಬಿ ಹೇಳಿಕೊಂಡ ವಿವರಗಳು. ನಾನು ಬಲ್ಲ ಹಲವು ಸಂಸ್ಥೆಗಳಲ್ಲಿ ಇವೆಲ್ಲ ಯಾವನೋ ಸಿಬ್ಬಂದಿಯ ಸ್ವಂತ ಮೊಬೈಲ್ ಸಂಖ್ಯೆಯಿಂದ ತೆರೆದ ಉಚಿತ ಖಾತೆಯಲ್ಲಿವೆ. ಆತ ಕೆಲಸ ಬಿಟ್ಟರೆ ದಾಖಲೆಗಳೂ ಅವನ ಹಿಂದೆಯೇ ಹೋಗುತ್ತವೆ.

ಡಿಜಿಟಲ್ ಸಾರ್ವಭೌಮತ್ವವೆಂದರೆ ವಿದೇಶಿ ಕಂಪೆನಿಯನ್ನು ಬಿಟ್ಟು ಸ್ವದೇಶಿ ಕಂಪೆನಿಯನ್ನು ಹಿಡಿಯುವುದೆಂಬ ಭಾವನೆ ವ್ಯಾಪಕವಾಗಿದೆ. ನನ್ನ ಅಭಿಪ್ರಾಯದಲ್ಲಿ ಅದು ಬಾಡಿಗೆ ಮನೆ ಬದಲಿಸಿದಂತೆ, ಅಷ್ಟೆ. ಬೇಕೆಂದಾಗ ದಾಖಲೆಗಳೊಡನೆ ಹೊರನಡೆಯುವ ಶಕ್ತಿಯೇ ನಿಜವಾದ ಸಾರ್ವಭೌಮತ್ವ. ಕನ್ನಡಿಗರಿಗೆ ಇದರ ಅನುಭವವುಂಟು. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚಾದ ಕಡತಗಳು ನಮ್ಮದೇ ಕಂಪ್ಯೂಟರ್‌ಗಳಲ್ಲಿದ್ದವು. ಆದರೂ ಆ ಅಕ್ಷರವಿನ್ಯಾಸಗಳಿಲ್ಲದ ಕಡೆ ಪರಿವರ್ತಿಸದ ಹೊರತು ಅವು ಅರ್ಥವಾಗದ ಚಿಹ್ನೆಗಳ ರಾಶಿ.

ಸಂಸ್ಥೆಗಳನ್ನಷ್ಟೇ ದೂರುವುದು ನ್ಯಾಯವಲ್ಲ. ವಿದೇಶಿ ದೇಣಿಗೆಯಲ್ಲಿ ಆಡಳಿತಾತ್ಮಕ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿಯು ಶೇ 50ರಿಂದ ಶೇ 20ಕ್ಕೆ ಇಳಿಸಿತು. ದಾನಿಗಳು ಯೋಜನೆಗೆ ಹಣ ಕೊಡುತ್ತಾರೆಯೇ ಹೊರತು ತಂತ್ರಜ್ಞನ ಸಂಬಳಕ್ಕಲ್ಲ. ಹಾಗಿರುವಾಗ 'ಉಚಿತ' ಸೇವೆಗೆ ಮೊರೆಹೋಗುವುದು ಸಹಜ. ಇನ್ನೊಂದೆಡೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಅಧಿಸೂಚಿತವಾದವು. ಅದರ ಗರಿಷ್ಠ ದಂಡ 250 ಕೋಟಿ ರೂಪಾಯಿ. ಸೇವಾಸಂಸ್ಥೆ ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಹೊಣೆ ಹೆಚ್ಚಿದೆ, ಸಂಪನ್ಮೂಲ ಹೆಚ್ಚಿಲ್ಲ.

ಆದರೂ ಮಾಡಬಹುದಾದ ಕೆಲಸಗಳಿವೆ. ಖಾತೆಗಳು ಸಂಸ್ಥೆಯ ಹೆಸರಿನಲ್ಲಿದ್ದು, ಅವುಗಳ ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ವಶದಲ್ಲಿರಲಿ. ಮೂರು ತಿಂಗಳಿಗೊಮ್ಮೆ ದಾಖಲೆಗಳ ಪ್ರತಿಯನ್ನು ಮುಕ್ತ ವಿನ್ಯಾಸದಲ್ಲಿ ಕಚೇರಿಯಲ್ಲೇ ಇಡಬೇಕು. ಆ ಪ್ರತಿಯಿಂದ ಕೆಲಸ ಮುಂದುವರಿಸಲು ಸಾಧ್ಯವೇ ಎಂಬುದನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಸರ್ಕಾರವೊಂದು ಮನಸ್ಸು ಮಾಡಿದರೆ ಸ್ವತಂತ್ರ ತಂತ್ರಾಂಶ ವ್ಯಾಪಕವಾಗಿ ನೆಲೆಯೂರಬಲ್ಲದೆಂಬುದಕ್ಕೆ ಕೇರಳದ ಶಾಲೆಗಳು ನಿದರ್ಶನ. ಹತ್ತು ಸಂಸ್ಥೆಗಳು ಕೂಡಿ ಅಂತಹ ತಂತ್ರಾಂಶದ ಒಂದು ಸರ್ವರ್, ಒಬ್ಬ ತಂತ್ರಜ್ಞನ ವೆಚ್ಚವನ್ನು ಹಂಚಿಕೊಳ್ಳಬಹುದು. ಹಾಲಿಗೆ ಸಹಕಾರ ಸಂಘ ಕಟ್ಟಿದ ನಾಡಿಗೆ ಇದು ಹೊಸ ವಿದ್ಯೆಯಲ್ಲ. ದಾನಿಗಳೂ ಇದಕ್ಕೆಂದು ಪ್ರತ್ಯೇಕ ಮೊತ್ತ ನೀಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಅಗತ್ಯವಿಲ್ಲದ ಮಾಹಿತಿಯನ್ನು ಸಂಗ್ರಹಿಸಲೇಬಾರದು. ನೊಂದವರ ಗುಟ್ಟನ್ನು ಕಾಪಾಡಲಾಗದಿದ್ದರೆ ಅದನ್ನು ಕೇಳುವ ಹಕ್ಕೂ ನಮಗಿಲ್ಲ.