ಕೊಟ್ಟ ಹೆಣ್ಣು ಕುಲಕ್ಕೆ ಹೊರಗೇ?

ಶ್ರಾವಣ ಮಾಸ ಬಂದಿತೆಂದರೆ ನಮ್ಮ ಸಗರನಾಡಿನ ಹಳ್ಳಿಹಳ್ಳಿಗಳಲ್ಲಿ ಜೋಕಾಲಿಗಳು ತೂಗತೊಡಗುತ್ತವೆ. ಪಂಚಮಿ ಹಬ್ಬಕ್ಕೆ ಅಣ್ಣನೋ ತಮ್ಮನೋ ಹೋಗಿ ಕೊಟ್ಟ ಮನೆಯಿಂದ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಇದು ಕೇವಲ ಉಂಡಿ ತಿನ್ನುವ ಸಡಗರವಲ್ಲ. ಮಗಳು ಸುಖವಾಗಿರುವಳೋ ಇಲ್ಲವೋ ಎಂಬುದನ್ನು ತಾಯಿಯು ಅವಳ ಮುಖ ನೋಡಿಯೇ ತಿಳಿದುಕೊಳ್ಳುವ ಸಂದರ್ಭವದು. ಆದರೆ ಇದೇ ಜನರ ಬಾಯಲ್ಲಿ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯೂ ಇದೆ. ಪದ್ಧತಿಯು ಮಗಳನ್ನು ಕರೆಯುತ್ತದೆ. ಗಾದೆಯು ಅವಳನ್ನು ತಳ್ಳುತ್ತದೆ. ಇವೆರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬುದು ಇಂದು ನಮ್ಮ ಮುಂದಿರುವ ಪ್ರಶ್ನೆ.

ಶಹಾಪುರದ ಹೆಣ್ಣನ್ನು ಸುರಪುರಕ್ಕೆ ಕೊಟ್ಟರೆ ಅಣ್ಣನು ಬಸ್ಸು ಹತ್ತಿ ಹೋಗಿ ನೋಡಿ ಬರಬಹುದು. ಆದರೆ ಈಗ ನಮ್ಮ ಹೆಣ್ಣುಮಕ್ಕಳು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ, ಕೊಲ್ಲಿ ದೇಶಗಳಿಗೂ ಸೊಸೆಯರಾಗಿ ಹೋಗುತ್ತಿದ್ದಾರೆ. ವಿದೇಶದ ವರನೆಂದರೆ ನಾವು ಸಂಬಳವನ್ನು ವಿಚಾರಿಸುತ್ತೇವೆಯೇ ಹೊರತು ಸ್ವಭಾವವನ್ನು ವಿಚಾರಿಸುವುದಿಲ್ಲ. ಹೋದ ಮೇಲೆ ಆತನು ಹೊಡೆಯುವವನೆಂದು ತಿಳಿದರೆ ಅವಳ ಗತಿಯೇನು? ಅಲ್ಲಿ ನೆರೆಯವರ ಭಾಷೆ ಬೇರೆ. ಎಷ್ಟೋ ವೇಳೆ ಅವಳು ಗಂಡನ ನೌಕರಿಯನ್ನು ಅವಲಂಬಿಸಿದ ವೀಸಾದ ಮೇಲೆ ಹೋಗಿರುತ್ತಾಳೆ. ಅವನನ್ನು ಬಿಟ್ಟರೆ ಆ ದೇಶದಲ್ಲಿ ನಿಲ್ಲುವ ಹಕ್ಕಿಗೇ ಧಕ್ಕೆ ಬರುತ್ತದೆ. ಪಾಸ್‌ಪೋರ್ಟು ಗಂಡನ ಪೆಟ್ಟಿಗೆಯಲ್ಲಿ, ಹಣ ಗಂಡನ ಬ್ಯಾಂಕಿನಲ್ಲಿ, ಫೋನು ಗಂಡನ ಕಣ್ಣಳತೆಯಲ್ಲಿ. ಗೋಡೆಗಳಿಲ್ಲದ ಸೆರೆಮನೆಯಿದು.

ಇಂತಹವಳಿಗೆ ದಾರಿಯೇ ಇಲ್ಲವೆಂದು ತಿಳಿಯಬಾರದು. ಪ್ರಾಣಭಯವಿದ್ದಾಗ ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999 ಸಂಖ್ಯೆಗೆ ಕರೆ ಮಾಡಿದರೆ ಪೊಲೀಸರು ಮನೆಬಾಗಿಲಿಗೆ ಬರುತ್ತಾರೆ. ನಮ್ಮ ನಾಡುಗಳ ಹೆಣ್ಣುಮಕ್ಕಳ ಕಷ್ಟವನ್ನು ಬಲ್ಲ ಸಂಸ್ಥೆಗಳೂ ಅಲ್ಲಿ ಹುಟ್ಟಿವೆ. 1979ರಲ್ಲಿ ಲಂಡನ್ನಿನ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್, 1985ರಲ್ಲಿ ನ್ಯೂಜೆರ್ಸಿಯ ಮಾನವೀ, 1989ರಲ್ಲಿ ನ್ಯೂಯಾರ್ಕಿನ ಸಖಿ, 1991ರಲ್ಲಿ ಕ್ಯಾಲಿಫೋರ್ನಿಯಾದ ಮೈತ್ರಿ ಇವು ಸ್ಥಾಪಿತವಾದವು. ಪಾಸ್‌ಪೋರ್ಟನ್ನು ಗಂಡನು ಬಚ್ಚಿಟ್ಟರೆ ಭಾರತದ ರಾಯಭಾರ ಕಛೇರಿಯು ತಾಯ್ನಾಡಿಗೆ ಒಂದು ಸಲ ಪ್ರಯಾಣ ಮಾಡಲು ತುರ್ತು ಪ್ರಮಾಣಪತ್ರವನ್ನು ಕೊಡಬಲ್ಲದು. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಸಂಕಟದಲ್ಲಿರುವವರ ವಸತಿಗೂ ವಿಮಾನದ ಟಿಕೆಟ್ಟಿಗೂ ನೆರವು ದೊರೆಯುವ ಅವಕಾಶವಿದೆ. ಅದೇ ವರ್ಷ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ಮದುವೆಗಳ ದೂರುಗಳಿಗಾಗಿ ಒಂದು ವಿಭಾಗವೂ ತೆರೆಯಿತು. ವಿದೇಶಾಂಗ ಇಲಾಖೆಯು 2015ರಲ್ಲಿ ಆರಂಭಿಸಿದ "ಮದದ್" ವ್ಯವಸ್ಥೆಗೆ ಮಗಳೇ ಬರೆಯಬೇಕೆಂದಿಲ್ಲ. ಇಲ್ಲಿರುವ ಬಂಧುಗಳೂ ದೂರು ಸಲ್ಲಿಸಬಹುದು.

ಆದರೆ ಹಿಂತಿರುಗುವುದು ಬೇರೆ, ಸುರಕ್ಷಿತವಾಗಿ ಹಿಂತಿರುಗುವುದು ಬೇರೆ. ಹೆಣ್ಣು ಹೊರಡುವಳೆಂದು ತಿಳಿದ ಗಳಿಗೆಯೇ ಅವಳಿಗೆ ಅತ್ಯಂತ ಅಪಾಯದ ಗಳಿಗೆಯೆಂದು ಈ ಕೆಲಸದಲ್ಲಿ ಪಳಗಿದವರು ಹೇಳುತ್ತಾರೆ. ಆದುದರಿಂದ ಇಲ್ಲಿಂದ ಫೋನು ಮಾಡಿ ಅಳಿಯನನ್ನು ಗದರಿಸುವ ಮಾವನು ತಿಳಿಯದೆ ಮಗಳಿಗೇ ಕೇಡು ಮಾಡಿಯಾನು. ಮೊದಲು ಬೇಕಾದುದು ಗುಟ್ಟು ಮತ್ತು ಸಿದ್ಧತೆ. ಪಾಸ್‌ಪೋರ್ಟು, ವೀಸಾ, ಮದುವೆಯ ನೋಂದಣಿ ಪತ್ರ ಇವುಗಳ ಪ್ರತಿಗಳು ಮದುವೆಯ ವಾರದಲ್ಲಿಯೇ ತವರುಮನೆಯ ಪೆಟ್ಟಿಗೆಗೆ ಸೇರಬೇಕು. ಚಿನ್ನದ ಸರಕ್ಕಿಂತ ಈ ಕಾಗದಗಳು ಹೆಚ್ಚು ಬಾಳುತ್ತವೆ.

ಮಕ್ಕಳಿದ್ದರಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು. ತಂದೆಯ ಸಮ್ಮತಿಯಿಲ್ಲದೆ ಮಗುವನ್ನು ದೇಶದಿಂದ ಕರೆದೊಯ್ಯುವುದು ಅನೇಕ ದೇಶಗಳಲ್ಲಿ ಅಪರಾಧ. ಇದನ್ನು ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತವು ಸೇರಿಲ್ಲವಾದರೂ ನಮ್ಮ ನ್ಯಾಯಾಲಯಗಳು ಪ್ರತಿ ಮಗುವಿನ ಹಿತವನ್ನು ಬೇರೆಬೇರೆಯಾಗಿಯೇ ತೂಗಿ ನೋಡುತ್ತವೆ. ಗಂಡನ ಹಿಂಸೆಯನ್ನು ಆರೋಪಿಸಿ ಇಂಗ್ಲೆಂಡಿನಿಂದ ಮಗಳೊಡನೆ ಬಂದ ತಾಯಿಯೊಬ್ಬಳ ಪ್ರಕರಣದಲ್ಲಿ ಆ ಮಗುವನ್ನು ಮರಳಿ ಕಳುಹಿಸಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿತು. ಅದೇ ಕೋರ್ಟು 2022ರಲ್ಲಿ, ಬೆಂಗಳೂರಿಗೆ ಕರೆತಂದಿದ್ದ ಇನ್ನೊಬ್ಬ ಬಾಲಕನನ್ನು ಅಮೆರಿಕಕ್ಕೆ ಮರಳಿಸಬೇಕೆಂದು ಆಜ್ಞೆಮಾಡಿತು. ಆದುದರಿಂದ ಮಗುವಿನೊಡನೆ ವಿಮಾನ ಹತ್ತುವ ಮೊದಲು ಆ ದೇಶದಲ್ಲಿಯೇ ವಕೀಲರ ಸಲಹೆ ಪಡೆದು, ಸಾಧ್ಯವಾದರೆ ಕೋರ್ಟಿನ ಅಪ್ಪಣೆ ಪಡೆಯುವುದು ಲೇಸು.

ಇನ್ನು ಊರಿಗೆ ಬಂದ ಮೇಲೆ? "ಹಿಂಸೆ ನಡೆದದ್ದು ಅಲ್ಲಿ, ದೂರು ಕೊಡುವುದು ಇಲ್ಲಿ ಹೇಗೆ?" ಎಂದು ಹಲವರು ಕೈಚೆಲ್ಲುತ್ತಾರೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯ 27ನೆಯ ಕಲಮು, ನೊಂದವಳು ತಾತ್ಕಾಲಿಕವಾಗಿ ವಾಸಿಸುವ ಊರಿನ ನ್ಯಾಯಾಲಯಕ್ಕೂ ಅರ್ಜಿಯನ್ನು ವಿಚಾರಿಸುವ ಅಧಿಕಾರ ಕೊಟ್ಟಿದೆ. ಗಂಡನ ಕ್ರೌರ್ಯದಿಂದ ಮನೆ ಬಿಟ್ಟವಳು ತಾನು ಆಶ್ರಯ ಪಡೆದ ಸ್ಥಳದಲ್ಲಿಯೂ ದಂಡಸಂಹಿತೆಯ 498-ಎ ಕಲಮಿನ ಕೆಳಗೆ ಫಿರ್ಯಾದಿ ಸಲ್ಲಿಸಬಹುದೆಂದು ಸುಪ್ರೀಂ ಕೋರ್ಟು 2019ರ ಏಪ್ರಿಲ್ 9ರಂದು ಹೇಳಿತು. ಆ ಅಪರಾಧವು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಿನಲ್ಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಸ್ತ್ರೀಯರಿಗೆ, ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವುಂಟು. 181 ಸಂಖ್ಯೆಯ ಸಹಾಯವಾಣಿಯುಂಟು. ಅಂದಮೇಲೆ ಯಾದಗಿರಿಯ ಕೋರ್ಟಿನ ಮೆಟ್ಟಿಲು ನಮ್ಮ ಮಗಳಿಗೆ ಅಷ್ಟೇನೂ ಎತ್ತರದಲ್ಲಿಲ್ಲ.

ಹಾಗಾದರೆ ಎತ್ತರದಲ್ಲಿರುವುದು ಯಾವುದು? ತವರುಮನೆಯ ಹೊಸ್ತಿಲು! ಸಾವಿರಾರು ಮೈಲು ದಾಟಿ ಶಂಶಾಬಾದಿನಲ್ಲಿ ಇಳಿಯುವ ಮಗಳಿಗೆ ಅತ್ಯಂತ ದೂರವಾದ ದಾರಿಯೆಂದರೆ ಯಾದಗಿರಿಯ ರೈಲು ನಿಲ್ದಾಣದಿಂದ ತನ್ನ ಓಣಿಯ ವರೆಗಿನದು. "ಯಾಕ ಬಂದಿ? ಯಾವಾಗ ಹೋಗತಿ?" ಎಂಬ ಎರಡು ಪ್ರಶ್ನೆಗಳು ಅವಳನ್ನು ಓಣಿಯ ಬಾಯಲ್ಲಿಯೇ ಕಾಯುತ್ತಿರುತ್ತವೆ. ಈ ಪ್ರಶ್ನೆಗಳಿಗೆ ಅಂಜಿಯೇ ಅನೇಕರು ಅಲ್ಲಿಯೇ ಹೊಡೆತ ತಿನ್ನುತ್ತ ಉಳಿಯುತ್ತಾರೆ. ರಾಯಭಾರ ಕಛೇರಿಯು ಟಿಕೆಟ್ಟು ಕೊಡಬಹುದು. ಬಾಗಿಲನ್ನು ತೆರೆಯಬೇಕಾದವರು ನಾವೇ.

"ಮಗಳನ್ನು ಇಟ್ಟುಕೊಂಡರೆ ಅವಳ ತಂಗಿಯ ಲಗ್ನಕ್ಕೆ ತೊಡಕಾಗುತ್ತದೆ" ಎಂದು ಹಿರಿಯರು ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ನಮ್ಮ ಸಮಾಜ ಹಾಗಿದೆ. ಆದರೆ ಅಕ್ಕನ ಗಾಯಗಳನ್ನು ಮುಚ್ಚಿಟ್ಟು ಮಾಡಿದ ತಂಗಿಯ ಮದುವೆಯಿಂದ ತಂಗಿಯು ಕಲಿಯುವ ಪಾಠವೇನು? ತನಗೂ ಇದೇ ಗತಿ ಬಂದರೆ ಬಾಯಿ ಮುಚ್ಚಿಕೊಂಡಿರಬೇಕೆಂಬುದಲ್ಲವೇ? ಮೇಲಾಗಿ ಮರಳಿದ ಮಗಳು ಭಿಕ್ಷುಕಿಯೂ ಅಲ್ಲ, ಅತಿಥಿಯೂ ಅಲ್ಲ. 2005ರ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಹುಟ್ಟಿನಿಂದಲೇ ಕೊಟ್ಟಿದೆ. ಕಾನೂನು ಅವಳನ್ನು ಕುಲದ ಒಳಗೆ ಕೂರಿಸಿರುವಾಗ ಗಾದೆಯು ಹೊರಗಿಡುವುದು ಯಾವ ನ್ಯಾಯ?

ನಮ್ಮ ಪರಂಪರೆಯೂ ಗಾದೆಯ ಪಕ್ಷದಲ್ಲಿಲ್ಲ. ಕೌಶಿಕನ ಅರಮನೆಯನ್ನು ತೊರೆದು ಕಲ್ಯಾಣಕ್ಕೆ ಬಂದ ಮಹಾದೇವಿಗೆ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಕಠಿಣವಾದ ಪ್ರಶ್ನೆಗಳನ್ನು ಹಾಕಿದರೆಂದು ಶೂನ್ಯಸಂಪಾದನೆಯು ವರ್ಣಿಸುತ್ತದೆ. ಆದರೆ ಶರಣರು ಅವಳನ್ನು ಕೌಶಿಕನಲ್ಲಿಗೆ ಮರಳಿ ಕಳುಹಿಸಲಿಲ್ಲ, ಅಕ್ಕನೆಂದು ಗೌರವಿಸಿದರು. ಆ ಕಲ್ಯಾಣದ ಹೆಸರನ್ನೇ 2019ರಿಂದ ನಮ್ಮ ಪ್ರದೇಶವು ಹೊತ್ತಿದೆ. ಹೆಸರು ಹೊತ್ತವರು ನಡತೆಯನ್ನೂ ಹೊರಬೇಡವೇ?

ವಿದ್ಯಾರ್ಥಿ ಬಂಧುಗಳೇ, ಇದರಲ್ಲಿ ನಮ್ಮ ಪಾಲೂ ಇದೆ. ಅರ್ಜಿ ಬರೆಯಲು ಬಾರದ ತಂದೆತಾಯಿಗಳು ನಮ್ಮ ಓಣಿಗಳಲ್ಲಿದ್ದಾರೆ. ಅವರಿಗಾಗಿ ಬರೆಯಬಲ್ಲವರು ನಾವು. ಲಗ್ನದ ಮಾತುಕತೆಯಾಗುವಾಗ ವರನ ನೌಕರಿ, ವಿಳಾಸ, ಹಿಂದಿನ ಮದುವೆಗಳನ್ನು ವಿಚಾರಿಸಿರೆಂದು ಹೇಳಬಲ್ಲವರು ನಾವು. ಮರಳಿ ಬಂದವಳು ಅರ್ಧಕ್ಕೆ ಬಿಟ್ಟ ಓದನ್ನು ಮುಂದುವರಿಸಲು ಇಚ್ಛಿಸಿದರೆ ನಮ್ಮ ಪಕ್ಕದ ಬೆಂಚಿನಲ್ಲಿ ಕೂಡ್ರಿಸಿಕೊಂಡು, ಕುತೂಹಲದ ಪ್ರಶ್ನೆಗಳಿಂದ ಅವಳನ್ನು ಪೀಡಿಸದಿರುವವರೂ ನಾವಾಗಬೇಕು. ಗುರುಹಿರಿಯರು ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರನ್ನು ವರ್ಷಕ್ಕೊಮ್ಮೆಯಾದರೂ ಕಾಲೇಜಿಗೆ ಕರೆಸಿ ಈ ವಿಷಯಗಳನ್ನು ತಿಳಿಸಿಕೊಟ್ಟರೆ ಮಹದುಪಕಾರವಾದೀತು.

ಎಲ್ಲಕ್ಕಿಂತ ಮೊದಲು, ಮಗಳನ್ನು ಬೀಳ್ಕೊಡುವ ದಿನ ಪ್ರತಿಯೊಬ್ಬ ತಂದೆಯೂ ಒಂದು ಮಾತನ್ನು ಬಾಯಿಬಿಟ್ಟು ಹೇಳಲಿ: "ಹೊಂದಿಕೊಂಡು ಬಾಳು ತಾಯಿ, ಆದರೆ ಹೊಡೆತವನ್ನು ಹೊಂದಿಕೊಳ್ಳಬೇಡ. ನಡುರಾತ್ರಿ ಬಂದರೂ ಈ ಮನೆಯ ಕದ ತೆರೆದಿರುತ್ತದೆ." ಈ ಮಾತಿಗೆ ವೀಸಾ ಬೇಡ, ಖರ್ಚಿಲ್ಲ. ಆದರೆ ಏಳು ಕಡಲಾಚೆ ಕತ್ತಲಲ್ಲಿ ಕುಳಿತ ಹೆಣ್ಣಿಗೆ ಹೊರಡುವ ಧೈರ್ಯ ಬರುವುದು ಇದರಿಂದಲೇ.